ಏನೂ ಇಲ್ಲ, ಊಟಕ್ಕೆ ಬನ್ನಿ

ನಮ್ಮ ಕಡೆ ‘ಯಾವತ್ತು?’ ಎಂದು ಕೇಳಿದರೆ ತಾರೀಖು ಹೇಳುವವರು ಕಡಿಮೆ. ಪಿರಿಯಾಪಟ್ಟಣದವರು ಹೊಗೆಸೊಪ್ಪಿನ ಬೇಲು ಹರಾಜಿಗೆ ಹೋಗಲಿ ಎನ್ನುತ್ತಾರೆ. ಕೆ.ಆರ್. ನಗರದವರು ನಾಲೆಗೆ ನೀರು ಬಿಟ್ಟು ನಾಟಿ ಮುಗಿಯಲಿ ಎನ್ನುತ್ತಾರೆ. ಎಚ್.ಡಿ. ಕೋಟೆಯವರಿಗೆ ಹತ್ತಿ ಬಿಡಿಸುವ ಕೆಲಸ. ನಮ್ಮ ಹುಣಸೂರಿನವರಿಗೆ ಇವೆಲ್ಲವೂ ಸ್ವಲ್ಪ ಸ್ವಲ್ಪ ಇರುವುದರಿಂದ ‘ನೋಡಾಣ’ ಎಂದು ಮುಗಿಸಿಬಿಡುತ್ತಾರೆ. ಇಷ್ಟಾದರೂ ಕಾರ್ಯದ ದಿನ ಎಲ್ಲರೂ ಮೊದಲ ಪಂಕ್ತಿಗೇ ಬಂದು ಕೂತಿರುತ್ತಾರೆ. ಗೋಡೆಗೊಂದು, ಮೊಬೈಲಿಗೊಂದು, ಕಾಲೇಜಿನ ಮೇಜಿಗೊಂದು ಕ್ಯಾಲೆಂಡರ್ ಇಟ್ಟುಕೊಂಡಿರುವ ನಾನು ಹೋಗುವ ಹೊತ್ತಿಗೆ ಎಲೆ ಎತ್ತುತ್ತಿರುತ್ತಾರೆ. ಇವರಿಗೆಲ್ಲ ದಿನ ಹೇಗೆ ಗೊತ್ತಾಗುತ್ತದೆ ಎಂಬುದು ನನ್ನ ಬಹುಕಾಲದ ಕುತೂಹಲ.

ಆ ಕುತೂಹಲವೇ ಇರಬೇಕು, ಇಂಥ ಸೀಮೆಗೆ ಒಂದು ಕಾರ್ಯಕ್ರಮಗಳ ಕ್ಯಾಲೆಂಡರನ್ನು ವೆಬ್‌ಸೈಟಾಗಿ ಮಾಡುವ ಸಾಹಸಕ್ಕೆ ನನ್ನನ್ನು ತಳ್ಳಿದ್ದು. ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು. ಕಳೆದ ಬೇಸಿಗೆ ರಜೆಯಲ್ಲಿ ಮೊಬೈಲಿನಲ್ಲೇ ಪಾಠ ಕೇಳಿ ಡೇಟಾಬೇಸ್ ಮಾಡುವುದನ್ನು ಕಲಿತಿದ್ದೆ. ಹೊಸದಾಗಿ ಸ್ಕೂಟರ್ ಕಲಿತವರ ಸ್ಥಿತಿ ನಿಮಗೆ ಗೊತ್ತಲ್ಲ, ಕಂಡಕಂಡವರನ್ನೆಲ್ಲ ‘ಎಲ್ಲಿಗಾದರೂ ಬಿಡಬೇಕಾ?’ ಎಂದು ಕೇಳುತ್ತಿರುತ್ತಾರೆ. ನಾನೂ ಹಾಗೇ, ಯಾರಿಗಾದರೂ ಡೇಟಾಬೇಸ್ ಬೇಕೇನೋ ಎಂದು ಊರೆಲ್ಲ ಕಣ್ಣಾಡಿಸುತ್ತಿದ್ದೆ. ಬೇಕು ಅಂದವರು ಒಬ್ಬರೇ. ನಮ್ಮ ಬೀದಿಯ ತಿರುವಿನಲ್ಲಿ ಶಾಮಿಯಾನದ ಅಂಗಡಿ ಇಟ್ಟಿರುವ ನಜೀರ್ ಭಾಯಿ. ನನ್ನ ಮದುವೆಗೆ ಚಪ್ಪರ ಹಾಕಿದ್ದು ಅವರ ತಂದೆ. ಆಗ ಕುರ್ಚಿ ಜೋಡಿಸುತ್ತಿದ್ದ ಇವರು ಈಗ ಅಂಗಡಿಯ ಯಜಮಾನರು.

ಅವರ ಕಷ್ಟ ಸರಳವಾಗಿತ್ತು. “ಮೇಡಂ, ನಾಲ್ಕು ತಾಲ್ಲೂಕಿನೋರೂ ಒಂದೇ ಭಾನುವಾರ ಮದ್ವೆ ಇಟ್ಕೋತಾರೆ. ಎಲ್ರಿಗೂ ಶಾಮಿಯಾನ ಬೇಕು. ನನ್ ಕಂಬಗಳು ಮೊಟ್ಟೆ ಇಟ್ಟು ಮರಿ ಮಾಡ್ತವಾ? ಯಾರ್ ಮನೇಲಿ ಯಾವತ್ತು ಏನು ಅಂತ ಒಂದ್ಕಡೆ ಕಾಣೋ ಅಂಗಿದ್ರೆ ಜನ ಬೇರೆ ದಿನ ನೋಡ್ಕತಾರೆ.”

ನಾನು ತಕ್ಷಣ ಒಪ್ಪಿಕೊಂಡೆ. ಒಂದು ವಾರದ ಕೆಲಸ ಎಂದೂ ಹೇಳಿಬಿಟ್ಟೆ.

ಡೇಟಾಬೇಸ್ ಎಂದರೆ ನೀವು ಹೆದರಬೇಕಾದ್ದೇನಿಲ್ಲ. ಅಡುಗೆಮನೆಯ ಡಬ್ಬಗಳ ಸಾಲು ಎಂದುಕೊಳ್ಳಿ. ಈ ಡಬ್ಬದಲ್ಲಿ ಬೇಳೆ, ಈ ಡಬ್ಬದಲ್ಲಿ ಸಾಸಿವೆ. ಯಾವುದರಲ್ಲಿ ಏನು ಹಾಕಬೇಕು, ಏನು ಹಾಕಬಾರದು ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದೇ ಅದರ ವಿನ್ಯಾಸ. ನಾನು ಮೊದಲು ಮಾಡಿದ್ದು ಒಂದೇ ದೊಡ್ಡ ಡಬ್ಬ. ಕಾರ್ಯದ ಹೆಸರು, ದಿನ, ಜಾಗ, ಮನೆಯವರು, ಹೀಗೆ ಒಂದು ಕಾರ್ಯಕ್ಕೆ ಒಂದು ಸಾಲು. ಅದನ್ನು ಅಂಗಡಿಗೆ ಹೋಗಿ ಹೆಮ್ಮೆಯಿಂದ ತೋರಿಸಿದೆ. ನಜೀರ್ ಭಾಯಿ ಕಣ್ಣು ಕಿರಿದು ಮಾಡಿ ನೋಡಿ, “ಮದ್ವೆ ಒಂದಾ, ಮೂರಾ?” ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಆರತಕ್ಷತೆ ಪಿರಿಯಾಪಟ್ಟಣದಲ್ಲಿ, ಧಾರೆ ಕೆ.ಆರ್. ನಗರದಲ್ಲಿ, ಬೀಗರ ಔತಣ ಹುಣಸೂರಿನಲ್ಲಿ. ಮೂರು ಊರು, ಮೂರು ದಿನ, ಆದರೆ ಮದುವೆ ಒಂದೇ. ಒಂದೇ ಸಾಲಿನಲ್ಲಿ ಬರೆದರೆ ಎರಡು ಊರಿನವರು ತಪ್ಪಿಸಿಕೊಳ್ಳುತ್ತಾರೆ, ಮೂರು ಸಾಲು ಬರೆದರೆ ಒಬ್ಬ ಹುಡುಗ ಮೂರು ಮದುವೆ ಆದ ಹಾಗಾಗುತ್ತದೆ. ನಾನು ಮನೆಗೆ ಬಂದು ದೊಡ್ಡ ಡಬ್ಬವನ್ನು ಎರಡು ಮಾಡಿದೆ. ಒಂದರಲ್ಲಿ ಕಾರ್ಯ, ಇನ್ನೊಂದರಲ್ಲಿ ಆ ಕಾರ್ಯ ನಡೆಯುವ ಬೇರೆ ಬೇರೆ ಹೊತ್ತುಗಳು. ಆಮೇಲೆ ಊರುಗಳಿಗೆಂದೇ ಮತ್ತೊಂದು ಡಬ್ಬ ಬೇಕಾಯಿತು. ಸರಗೂರು ಮೊದಲು ಎಚ್.ಡಿ. ಕೋಟೆ ತಾಲ್ಲೂಕಿಗೆ ಸೇರಿತ್ತು, ಈಗ ಅದೇ ಒಂದು ತಾಲ್ಲೂಕು. ಪ್ರತಿ ಮದುವೆಯ ಮುಂದೂ ತಾಲ್ಲೂಕಿನ ಹೆಸರು ಬರೆಯುತ್ತ ಹೋದರೆ, ನಾಳೆ ಸರ್ಕಾರ ಮತ್ತೊಂದು ಗೆರೆ ಎಳೆದಾಗ ಎಲ್ಲ ಮದುವೆಗಳನ್ನೂ ತಿದ್ದುತ್ತ ಕೂರಬೇಕು. ಊರನ್ನು ಒಂದೇ ಕಡೆ ಬರೆದಿಟ್ಟು ಉಳಿದವರೆಲ್ಲ ಅದರ ಕಡೆ ಬೆರಳು ತೋರಿಸಿದರೆ ಒಂದೇ ತಿದ್ದುಪಡಿ ಸಾಕು. ಇಷ್ಟು ಚೆಂದದ ಉಪಾಯ ಮನುಷ್ಯರ ವ್ಯವಹಾರದಲ್ಲೂ ಇದ್ದಿದ್ದರೆ ಎಷ್ಟೋ ಅರ್ಜಿಗಳನ್ನು ಬರೆಯುವುದೇ ತಪ್ಪುತ್ತಿತ್ತು ಎಂದು ನನಗೆ ಅನ್ನಿಸಿತು.

ದಿನದ ಡಬ್ಬ ಮಾತ್ರ ಕೊನೆಯವರೆಗೂ ಕಾಡಿತು. “ಚಂದ್ರ ಕಂಡ್ರೆ ನಾಳೆ ಹಬ್ಬ, ಕಾಣ್ದಿದ್ರೆ ನಾಡಿದ್ದು. ನಿಮ್ ಡಬ್ಬದಲ್ಲಿ ಅದಕ್ಕೆ ಜಾಗ ಅದೆಯಾ?” ಎಂದು ನಜೀರ್ ಭಾಯಿ ಕೇಳಿದರು. ಇರಲಿಲ್ಲ. ಊರ ದೇವತೆಯ ಹಬ್ಬಕ್ಕೂ ಇರಲಿಲ್ಲ. ಹಬ್ಬ ಆಗುವುದು ಖಂಡಿತ, ಯಾವತ್ತು ಎಂಬುದು ಇನ್ನೂ ಯಜಮಾನರು ಕೂತು ಮಾತಾಡಬೇಕು. ಇಂಥ ಕಡೆ ತಾರೀಖಿನ ಜಾಗವನ್ನು ಖಾಲಿ ಬಿಡಬೇಕಾಗುತ್ತದೆ. ಹೀಗೆ ಖಾಲಿ ಬಿಟ್ಟ ಜಾಗಕ್ಕೆ ಡೇಟಾಬೇಸಿನ ಭಾಷೆಯಲ್ಲಿ ‘ನಲ್’ ಎಂದು ಹೆಸರು. ನಲ್ಲಿ ಎನ್ನಲು ಹೋಗಿ ಅರ್ಧಕ್ಕೇ ನಿಂತಂಥ ಹೆಸರು. ಗಣಿತದವಳಾದ ನನಗೆ ಸೊನ್ನೆ ಗೊತ್ತು, ಅದು ಗಟ್ಟಿಯಾದ ಸಂಖ್ಯೆ, ಕೂಡಿಸಬಹುದು, ಕಳೆಯಬಹುದು. ‘ನಲ್’ ಸೊನ್ನೆಯಲ್ಲ. ಅದು ‘ಇಲ್ಲ’ ಎಂದೂ ಹೇಳುವುದಿಲ್ಲ, ‘ಇದೆ’ ಎಂದೂ ಹೇಳುವುದಿಲ್ಲ, ಸುಮ್ಮನಿರುತ್ತದೆ. ಎರಡು ಖಾಲಿ ಜಾಗಗಳನ್ನು ಮುಂದಿಟ್ಟು ‘ಇವೆರಡೂ ಒಂದೇನಾ?’ ಎಂದು ಕೇಳಿದರೆ ಯಂತ್ರ ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದಿಲ್ಲ, ಗೊತ್ತಿಲ್ಲ ಎನ್ನುತ್ತದೆ. ನನಗೆ ಇದು ಬಹಳ ಹಿಡಿಸಿತು. ಗೊತ್ತಿಲ್ಲದ ಇಬ್ಬರನ್ನು ಒಂದೇ ಎಂದು ಗುಡ್ಡೆ ಹಾಕದ ಮರ್ಯಾದೆ ಯಂತ್ರಕ್ಕಿದೆ.

ಆದರೂ ಒಂದು ಡಬ್ಬದ ವಿಷಯದಲ್ಲಿ ನಾನು ಕಟ್ಟುನಿಟ್ಟಾಗಿದ್ದೆ. ಅದು ‘ಕಾರ್ಯದ ಬಗೆ’. ನಮ್ಮಲ್ಲಿ ‘ಅವರ ಮನೇಲಿ ಕಾರ್ಯ’ ಎಂದರೆ ಮದುವೆಯೂ ಆಗಬಹುದು, ತಿಥಿಯೂ ಆಗಬಹುದು. ಹೇಳುವವರ ಮುಖ ನೋಡಿ ತಿಳಿದುಕೊಳ್ಳಬೇಕು. ವೆಬ್‌ಸೈಟಿಗೆ ಮುಖವಿಲ್ಲವಲ್ಲ. ಆದ್ದರಿಂದ ಮದುವೆ, ನಾಮಕರಣ, ಗೃಹಪ್ರವೇಶ, ಬೀಗರ ಔತಣ, ಉರುಸು, ಕಣ್ಣಿನ ತಪಾಸಣೆ ಶಿಬಿರ, ಕಬಡ್ಡಿ ಪಂದ್ಯ, ತಿಥಿ ಎಂದೆಲ್ಲ ಪಟ್ಟಿ ಮಾಡಿ, ಇದರಲ್ಲೊಂದನ್ನು ಆರಿಸಿಕೊಳ್ಳದೆ ಮುಂದೆ ಹೋಗುವಂತಿಲ್ಲ ಎಂದು ಕಟ್ಟಳೆ ಹಾಕಿದೆ. ‘ಇತರೆ’ ಎಂಬುದನ್ನು ಬೇಕೆಂದೇ ಇಡಲಿಲ್ಲ. ‘ಇತರೆ’ ಎಂದರೆ ಮನೆಯ ಅಟ್ಟ ಇದ್ದಂತೆ, ಒಮ್ಮೆ ಬಾಗಿಲು ತೆರೆದರೆ ಎಲ್ಲವೂ ಅಲ್ಲಿಗೇ ಹೋಗಿ ಬೀಳುತ್ತದೆ. ಮನುಷ್ಯರು ಸೇರುವುದಕ್ಕೆ ನನ್ನ ಪಟ್ಟಿಯಲ್ಲಿಲ್ಲದ ಕಾರಣ ಇನ್ನೇನಿರಲು ಸಾಧ್ಯ ಎಂಬ ವಿಶ್ವಾಸ ನನಗಿತ್ತು.

ವಾರವೆಂದದ್ದು ತಿಂಗಳುಗಳಾಗಿ, ಅಂತೂ ವೆಬ್‌ಸೈಟ್ ಶುರುವಾಯಿತು. ಯಾರು ಬೇಕಾದರೂ ತಮ್ಮ ಮನೆಯ ಕಾರ್ಯವನ್ನು ಅದರಲ್ಲಿ ತುಂಬಬಹುದು. ನಾನು ನೋಡಿ ಒಪ್ಪಿದ ಮೇಲೆ ಎಲ್ಲರಿಗೂ ಕಾಣುತ್ತದೆ. ನಜೀರ್ ಭಾಯಿ ತಮ್ಮ ಅಂಗಡಿಗೆ ಬಂದವರಿಗೆಲ್ಲ ಹೇಳಿದರು, ಅವರು ಮೊಬೈಲ್ ಗುಂಪುಗಳಲ್ಲಿ ಹಂಚಿದರು, ಮದುವೆಗಳು ಬರತೊಡಗಿದವು. ಕಾಲೇಜಿನಿಂದ ಬಂದು ಕಾಫಿ ಕುಡಿಯುತ್ತ ಅಪರಿಚಿತರ ಸಂಭ್ರಮಗಳನ್ನು ಒಂದೊಂದಾಗಿ ಒಪ್ಪುತ್ತ ಕೂರುವುದು ನನಗೆ ಅಭ್ಯಾಸವಾಯಿತು. ನಾಲ್ಕು ತಾಲ್ಲೂಕಿನ ಶುಭಕಾರ್ಯಗಳೆಲ್ಲ ನನ್ನ ಅಪ್ಪಣೆಗೆ ಕಾದಿವೆ ಎಂಬ ಸಣ್ಣ ಅಹಂಕಾರವೂ ಬಂತು.

ಹೀಗಿರುವಾಗ ಒಂದು ಸಂಜೆ ಹನಗೋಡಿನಿಂದ ಒಂದು ಗೃಹಪ್ರವೇಶ ಬಂತು. ಮನೆಯವರ ಹೆಸರು ಚನ್ನಾಜಮ್ಮ. ವಿವರದ ಜಾಗದಲ್ಲಿ ಹೀಗಿತ್ತು: ‘ಗೃಹಪ್ರವೇಶ ಅಲ್ಲ. ಮನೆ ಹಳೇದು. ಏನೂ ಇಲ್ಲ. ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ.’

ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಂಡೆ. ಅಳಿಸಲು ಬೆರಳು ಹೋಗಿತ್ತು. ಆದರೆ ತಮಾಷೆ ಮಾಡುವವರು ‘ಮನೆ ಹಳೇದು’ ಎಂದು ಅಷ್ಟು ಪ್ರಾಮಾಣಿಕವಾಗಿ ಬರೆಯುವುದಿಲ್ಲ. ಫೋನ್ ಮಾಡಿದೆ. ವಯಸ್ಸಾದ ಹೆಂಗಸಿನ ಗಟ್ಟಿ ದನಿ.

“ಹೂಂ ಕಣವ್ವ, ನಾನೇ ಹಾಕಿದ್ದು. ಏನ್ ಕಾರ್ಯ ಅಂತ ಕೇಳ್ತದೆ ನಿಮ್ದು. ಮೇಲಿಂದ ಕೆಳಗಂಟ ನೋಡ್ದೆ, ನಂದು ಯಾವ್ದೂ ಇರ್ಲಿಲ್ಲ. ಗೃಹಪ್ರವೇಶ ಅನ್ನಾದು ವಸಿ ಅತ್ರ ಅನ್ನುಸ್ತು. ಜನ ಮನೆ ಒಳೀಕೆ ಬತ್ತಾರಲ್ಲ.”

“ಆದರೆ ಏನು ವಿಶೇಷ ಅಮ್ಮ?” ಎಂದೆ.

“ವಿಶೇಷ ಏನೂ ಇಲ್ಲ ಅಂತ ಬರ್ದಿವ್ನಲ್ಲ,” ಎಂದರು ಆಕೆ.

ಇಂಥ ಉತ್ತರ ಕೊಟ್ಟವರನ್ನು ನೋಡದೆ ಬಿಡುವುದು ಸಾಧ್ಯವಿರಲಿಲ್ಲ. ಮರುದಿನ ಕಾಲೇಜು ಮುಗಿದ ಮೇಲೆ ನಜೀರ್ ಭಾಯಿಯ ಸಾಮಾನಿನ ಗಾಡಿಯಲ್ಲಿ, ಹಿಂದೆ ಮಡಿಸಿಟ್ಟ ಶಾಮಿಯಾನಗಳನ್ನು ಹೇರಿಕೊಂಡು, ಇಬ್ಬರೂ ಹನಗೋಡಿಗೆ ಹೋದೆವು. ಲಕ್ಷ್ಮಣತೀರ್ಥ ಹೊಳೆಗೆ ಇಳಿಯುವ ಬೀದಿಯಲ್ಲಿ ಹೆಂಚಿನ ಚಿಕ್ಕ ಮನೆ, ಮುಂದೆ ಸಾರಿಸಿದ ಅಂಗಳ, ಬೇಲಿಗೆ ಹಬ್ಬಿದ ಮಲ್ಲಿಗೆ. ಚನ್ನಾಜಮ್ಮ ಎಪ್ಪತ್ತು ದಾಟಿದವರು, ಎತ್ತರದ ಆಳು, ನೆಟ್ಟಗೆ ನಿಲ್ಲುತ್ತಾರೆ. ಸರ್ಕಾರಿ ನರ್ಸಾಗಿದ್ದವರು. ಸರಗೂರಿನ ಸುತ್ತಿನ ಹಳ್ಳಿಗಳಲ್ಲೇ ಅವರ ಸೇವೆಯ ಬಹುಪಾಲು ಕಳೆದದ್ದು. ನಿವೃತ್ತಿಯ ಹೊತ್ತಿಗೆ ಇಲ್ಲಿ ಮನೆ ಸಿಕ್ಕಿತು, ಹೊಳೆ ಹತ್ತಿರವಿದೆ ಎಂದು ಇದ್ದುಬಿಟ್ಟರು. ಮದುವೆ ಆಗಿಲ್ಲವೇ ಎಂದು ನಾನು ಕೇಳುವ ಮೊದಲೇ ನನ್ನ ಮುಖ ನೋಡಿ, “ಆಗ್ಲಿಲ್ಲ, ಅಷ್ಟೆಯ,” ಎಂದು ಚಹಾ ತರಲು ಒಳಗೆ ಹೋದರು.

ಚಹಾ ಕುಡಿಯುತ್ತ ಅವರು ಹೇಳಿದ್ದು ಇಷ್ಟು. ಹೆರಿಗೆ ಮಾಡಿಸಿದ ಮನೆಗಳವರು ನಾಮಕರಣಕ್ಕೆ ಕರೆಯುತ್ತಿದ್ದರು. ಆ ಮಕ್ಕಳು ದೊಡ್ಡವರಾಗಿ ಮದುವೆಗೆ ಕರೆದರು. ಅವರ ಮಕ್ಕಳ ನಾಮಕರಣಕ್ಕೂ ಕರೆದರು. ಜೀವಮಾನವಿಡೀ ಬೇರೆಯವರ ಪಂಕ್ತಿಯಲ್ಲಿ ಕೂತು ಉಂಡದ್ದೇ ಆಯಿತು. ಎಲೆಯ ಮುಂದೆ ಕೂರುವುದು ಸಂತೋಷವೇ, ಆದರೆ ಒಮ್ಮೆಯಾದರೂ ಎಲೆಯ ಆಚೆ ಬದಿಯಲ್ಲಿ ನಿಂತು ಬಡಿಸಬೇಕು ಎಂದು ಆಸೆ. ಅದಕ್ಕೊಂದು ನೆಪ ಬೇಕಲ್ಲ. ಮಗನಿಲ್ಲ, ಮಗಳಿಲ್ಲ, ಕಟ್ಟಿಸಿದ ಮನೆಯೂ ಅಲ್ಲ, ಕೊಂಡದ್ದು. ನೆಪ ಹುಡುಕುತ್ತಲೇ ವಯಸ್ಸಾಯಿತು.

“ನಮ್ಮನೇಲಿ ಇನ್ ಆಗಾದು ಒಂದೇ ಕಾರ್ಯ, ನನ್ ತಿಥಿ,” ಎಂದರು ಚನ್ನಾಜಮ್ಮ, ಲೋಟ ಕೆಳಗಿಡುತ್ತ. “ಅವತ್ತು ಜನ ಬತ್ತಾರೆ, ಬರ್ದೆ ಏನು. ಆದ್ರೆ ಬಡ್ಸಕ್ಕೆ ನಾನಿರಲ್ವಲ್ಲ. ಇನ್ಯಾರೋ ಬಡುಸ್ತಾರೆ, ಉಪ್ಪು ಕಮ್ಮಿ ಆದ್ರೂ ಕೇಳೋರಿಲ್ಲ. ಅದ್ಕೆ ಈಗ್ಲೇ ಒಂದ್ಸಲ ಆಗೋಗ್ಲಿ ಅಂತ.”

ನಜೀರ್ ಭಾಯಿ ನಕ್ಕರು, ಆಮೇಲೆ ನಗು ನಿಲ್ಲಿಸಿ ಅಂಗಳದ ಉದ್ದಗಲ ನೋಡತೊಡಗಿದರು. ಅವರ ಮನಸ್ಸಿನಲ್ಲಿ ಆಗಲೇ ಕಂಬಗಳು ನಿಲ್ಲುತ್ತಿವೆ ಎಂದು ನನಗೆ ಗೊತ್ತಾಯಿತು.

ನನಗೆ ಮಾತ್ರ ಭಯ. ಗುರುತಿನವರಿಗೆ ಹೇಳಿ ಕರೆಯಿರಿ ಎಂದೆ. “ಗುರುತಿನೋರ್ಗೆ ಕರ್ದ್ರೆ ಏನಮ್ಮ ವಿಶೇಷ, ಉಸಾರಿಲ್ವಾ, ಅಂತ ಗಾಬರಿ ಆಯ್ತಾರೆ,” ಎಂದರು. ವೆಬ್‌ಸೈಟಿನಲ್ಲಿ ಹಾಕಿದರೆ ಯಾರು ಬರುತ್ತಾರೋ ಗೊತ್ತಿಲ್ಲವಲ್ಲ ಎಂದೆ. ನಾಲ್ಕು ತಾಲ್ಲೂಕು ನುಗ್ಗಿಬಿಟ್ಟರೆ? ಅದಕ್ಕಿಂತ ಹೆಚ್ಚಾಗಿ, ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಒಬ್ಬರೂ ಬಾರದೆ ಹೋದರೆ? ವಯಸ್ಸಾದವರು ಸೆರಗು ಸಿಕ್ಕಿಸಿ ಬಾಗಿಲಲ್ಲಿ ನಿಂತಿರುವುದನ್ನು ನಾನೇ ನೋಡಬೇಕಾಗುತ್ತದೆ.

“ಬಂದೋರು ಬರ್ಲಿ, ಬರ್ದಿದ್ರೆ ಇಡೀ ಬೀದಿ ಅದೆ,” ಎಂದರು ಚನ್ನಾಜಮ್ಮ.

ಉಳಿದದ್ದು ಬಗೆಯ ಪ್ರಶ್ನೆ. ಗೃಹಪ್ರವೇಶ ಎಂದು ಹಾಕಲು ನನ್ನ ಮನಸ್ಸು ಒಪ್ಪಲಿಲ್ಲ. ಪಟ್ಟಿಗೆ ಹೊಸ ಹೆಸರೊಂದನ್ನು ಸೇರಿಸೋಣ ಎಂದೆ. “ದಾವತ್ ಅಂತ ಹಾಕಿ,” ಎಂದರು ನಜೀರ್ ಭಾಯಿ. “ದಾವತ್ ಅಂದ್ರೆ ಬಿರಿಯಾನಿ ಕೇಳ್ತಾರೆ ಸಾಬ್ರೇ, ನನ್ಗೆ ಬರಾದು ಮುದ್ದೆ ಉಪ್ಸಾರು,” ಎಂದರು ಆಕೆ. ಔತಣ ಎಂದರೆ ದೊಡ್ಡದಾಯಿತು. ಸಹಭೋಜನ ಎಂದರೆ ಭಾಷಣ ಇರುತ್ತದೇನೋ ಎಂದು ಜನ ಬರುವುದಿಲ್ಲ. ಕೊನೆಗೆ ಚನ್ನಾಜಮ್ಮನೇ, “ಆ ಜಾಗ ಸುಮ್ನೆ ಬುಟ್ಬುಡಕ್ಕೆ ಆಗಲ್ವಾ?” ಎಂದು ಕೇಳಿದರು.

ಆಗುತ್ತದೆ. ಯಂತ್ರಕ್ಕೆ ಏನೂ ತೊಂದರೆಯಿಲ್ಲ, ಬೇಡವೆಂದು ಕಟ್ಟಳೆ ಹಾಕಿದ್ದವಳು ನಾನು. ಮನೆಗೆ ಬಂದು ಒಂದು ಸಣ್ಣ ಆಜ್ಞೆ ಬರೆದು ‘ಬಗೆ’ಯ ಡಬ್ಬ ಖಾಲಿ ಇರಬಹುದು ಎಂದು ಬದಲಾಯಿಸಿದೆ. ಮರುದಿನದಿಂದ ವೆಬ್‌ಸೈಟಿನಲ್ಲಿ ಮದುವೆ, ಮದುವೆ, ನಾಮಕರಣ, ಮದುವೆಗಳ ನಡುವೆ ಒಂದು ಸಾಲು ಹೀಗೆ ಕಾಣತೊಡಗಿತು: ಚನ್ನಾಜಮ್ಮ, ಹನಗೋಡು. ಬಗೆ, ಖಾಲಿ. ಕೆಳಗೆ ಅವರದೇ ಮಾತು: ‘ಏನೂ ಇಲ್ಲ. ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ.’

ಆ ಭಾನುವಾರ ಬೆಳಿಗ್ಗೆಯೇ ನಾನು ಹೋದೆ. ನಜೀರ್ ಭಾಯಿ ನನಗಿಂತ ಮುಂಚೆ ಬಂದು, ತಮ್ಮಲ್ಲಿದ್ದ ಚೆಂದದ ನೀಲಿ ಶಾಮಿಯಾನ ಕಟ್ಟಿಸಿದ್ದರು. ಪಕ್ಕದ ಮನೆಯ ಹೆಂಗಸರು ಸೊಪ್ಪು ಬಿಡಿಸಲು ಕೂತಿದ್ದರು. ಸಿಹಿ ಇಲ್ಲದೆ ಹೇಗೆ ಎಂದು ಅವರಿಗೆಲ್ಲ ಕೊರಗು. “ಸಿಹಿ ಮಾಡುದ್ರೆ ಏನ್ ವಿಶೇಷ ಅಂತ ಕೇಳ್ತಾರೆ, ಬ್ಯಾಡ,” ಎಂದು ಚನ್ನಾಜಮ್ಮ ಖಡಾಖಂಡಿತವಾಗಿ ಹೇಳಿದರು. ಮುದ್ದೆ, ಸೊಪ್ಪಿನ ಉಪ್ಸಾರು, ಹುರುಳಿಕಾಳಿನ ಪಲ್ಯ, ಅನ್ನ, ಮಜ್ಜಿಗೆ.

ಊಟದ ಹೊತ್ತಾಯಿತು. ಯಾರೂ ಬರಲಿಲ್ಲ. ಬೀದಿಯವರು ಬಂದು, ಇಣುಕಿ, “ಬಂದಿಲ್ವಾ ಇನ್ನೂ?” ಎಂದು ಕೇಳಿ, ತಾವೂ ಉಣ್ಣದೆ ಹೋದರು. ಹೊರಗಿನವರು ಬರಲಿ, ಆಮೇಲೆ ನಾವು ಎಂಬ ಮರ್ಯಾದೆ ಅವರದು. ಚನ್ನಾಜಮ್ಮ ಒಗೆದು ಮಡಿಸಿಟ್ಟಿದ್ದ ಹಸಿರು ಸೀರೆ ಉಟ್ಟು ಜಗಲಿಯ ಮೇಲೆ ಕೂತಿದ್ದರು. ಬೇಜಾರಾಗಿದೆ ಎಂದು ತೋರಿಸಿಕೊಳ್ಳಲಿಲ್ಲ, ಆದರೆ ಕಣ್ಣು ಬೀದಿಯ ತಿರುವಿನಲ್ಲೇ ಇತ್ತು. ನಾನು ಸುಮ್ಮಸುಮ್ಮನೆ ನೀರಿನ ಲೋಟಗಳನ್ನು ಸರಿಪಡಿಸುತ್ತ ಓಡಾಡಿದೆ. ಬಗೆ ಬರೆದಿದ್ದರೆ ಜನ ಬರುತ್ತಿದ್ದರೇನೋ, ಖಾಲಿ ಬಿಟ್ಟದ್ದೇ ತಪ್ಪಾಯಿತೇನೋ ಎಂದು ಅನ್ನಿಸತೊಡಗಿತು.

ಆಮೇಲೆ ಹುಣಸೂರಿನ ಕಡೆಯ ಬಸ್ಸು ಬಂತು. ಅದರಿಂದ ಇಳಿದ ಕೆಲವರು ದಾರಿ ಕೇಳಿಕೊಂಡು ನಮ್ಮ ಬೀದಿಗೆ ತಿರುಗಿದರು. ಹಿಂದೆ ಒಂದು ಆಟೋ. ಅದರ ಹಿಂದೆ ಬೈಕುಗಳು. ಬಂದವರೆಲ್ಲ ಶಾಮಿಯಾನದ ಅಂಚಿನಲ್ಲಿ ಅನುಮಾನದಿಂದ ನಿಂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು, “ಏನ್ ಕಾರ್ಯ ಇದು?” ಎಂದು ಮೆಲ್ಲಗೆ ಕೇಳಿದರು. “ಏನೂ ಇಲ್ಲ, ಕೂತ್ಕಳಿ,” ಎಂದರು ಚನ್ನಾಜಮ್ಮ, ಜಗಲಿಯಿಂದ ಇಳಿಯುತ್ತ. ಅಷ್ಟರಲ್ಲಿ ಅವರ ಮುಖ ಬೇರೆಯಾಗಿತ್ತು.

ಬಂದವರು ಯಾಕೆ ಬಂದರು ಎಂದು ತಿಳಿಯುವ ಚಪಲ ನನಗೆ. ಬಡಿಸುವ ನೆಪದಲ್ಲಿ ಸಾಲಿನ ಉದ್ದಕ್ಕೂ ಕಿವಿಗೊಟ್ಟೆ. ಸರಗೂರಿನ ಕಡೆಯ ತಾಯಿಯೊಬ್ಬರು ಬೆಳೆದ ಮಗಳನ್ನು ಕರೆತಂದು, “ನಿಮ್ ಕೈಲಿ ಉಟ್ಟಿದ್ದು ಇವ್ಳೇಯ, ಗುರ್ತು ಸಿಕ್ತಾ?” ಎಂದರು. “ಆಗ ಅಳ್ತಿದ್ಲು, ಈಗ ನಗ್ತಾವ್ಳೆ, ಎಂಗೆ ಸಿಕ್ಕದು,” ಎಂದರು ಚನ್ನಾಜಮ್ಮ. ಆದರೆ ಹಾಗೆ ಗುರುತಿನವರು ಅಲ್ಲೊಬ್ಬರು ಇಲ್ಲೊಬ್ಬರು. ಉಳಿದವರೆಲ್ಲ ಆಕೆಯನ್ನು ಕಂಡೇ ಇರದವರು. ಬೆಟ್ಟದಪುರದ ಒಬ್ಬರು ಹೇಳಿದರು, ಯಾವ ಮದುವೆಗೆ ಹೋದರೂ ದಾಯಾದಿಗಳು ಎದುರಾಗುತ್ತಾರೆ, ಮುಖ ತಿರುಗಿಸಿಕೊಂಡು ಉಣ್ಣಬೇಕು, ಇಲ್ಲಿ ಯಾರೂ ಯಾರ ಕಡೆಯವರೂ ಅಲ್ಲ, ಅದಕ್ಕೇ ಬಂದೆ ಎಂದು. ಅವರು ಎರಡನೇ ಮುದ್ದೆಯನ್ನೂ ನಿಧಾನವಾಗಿ ಮುಗಿಸಿದರು.

ಸಾಲಿನ ಕೊನೆಗೆ ಒಬ್ಬಾಕೆ ಕೂತಿದ್ದರು, ನಲವತ್ತರ ಆಸುಪಾಸು, ಬಿಳಿಚಿದ ಮುಖ. ಹೆಸರು ಶಾರದಾ. ಕೆ.ಆರ್. ನಗರದಿಂದ ಹುಣಸೂರಿಗೆ ಬಂದು ಅಲ್ಲಿ ಬಸ್ಸು ಬದಲಿಸಿ ಬಂದಿದ್ದರು. ಅಷ್ಟು ದೂರದಿಂದ ಒಬ್ಬರೇ ಬಂದಿರಾ ಎಂದು ಕೇಳಿದೆ.

“ಯಜಮಾನ್ರು ಓಗಿ ಇನ್ನೂ ವರ್ಸ ತುಂಬಿಲ್ಲ ಕಣ್ರೀ,” ಎಂದರು. “ಯಾವ್ ಕಾರ್ಯಕ್ಕೂ ಓಗಂಗಿಲ್ಲ ಅಂತಾರೆ ಮನೇಲಿ. ವರ್ಸ ಆದ್ಮೇಲೂ ಇಂದ್ಗಡೆ ನಿಂತ್ಕಬೇಕು, ಬುಡಿ. ದಿನಾ ನಿಮ್ಮದ್ನ ತಗ್ದು ನೋಡ್ತಿದ್ದೆ, ಇವತ್ತು ಎಲ್ಲೆಲ್ಲಿ ಮದ್ವೆ ಅಂತ. ಓಗಕ್ಕಾಗ್ದಿದ್ರೂ ನೋಡಕ್ಕೇನು. ಇದ್ ನೋಡ್ದೆ. ಏನೂ ಇಲ್ಲ ಅಂತ ಬರ್ದಿತ್ತು. ಏನೂ ಅಲ್ದಿರೋ ಕಡೀಕೆ ಓದ್ರೆ ಯಾರೂ ಏನೂ ಅನ್ನಂಗಿಲ್ವಲ್ಲ ಅಂತ ಬಂದ್ಬುಟ್ಟೆ.”

ನಾನು ಸಾರಿನ ಸೌಟು ಹಿಡಿದುಕೊಂಡು ಅಲ್ಲೇ ನಿಂತೆ. ಮದುವೆ, ನಾಮಕರಣ, ಗೃಹಪ್ರವೇಶ ಎಂದು ನಾನು ಅಷ್ಟು ಜತನದಿಂದ ಬರೆದ ಒಂದೊಂದು ಬಗೆಗೂ ಒಂದೊಂದು ಬಾಗಿಲಿದೆ, ಒಂದೊಂದು ಬಾಗಿಲಿನ ಹೊರಗೂ ಯಾರೋ ನಿಂತಿರುತ್ತಾರೆ ಎಂದು ನನಗೆ ಹೊಳೆದಿರಲಿಲ್ಲ. ಹೊಳೆಯಲು ಕಾರಣವೂ ಇರಲಿಲ್ಲ. ನಾನು ಯಾವತ್ತೂ ಒಳಗಿದ್ದವಳು, ತಡವಾಗಿ ಹೋದರೂ ಒಳಗೇ.

ಊಟ ಮುಗಿದ ಮೇಲೆ ಒಂದು ವಿಚಿತ್ರ ನಡೆಯಿತು. ಯಾರಿಗೂ ಯಾವಾಗ ಏಳಬೇಕೆಂದು ತಿಳಿಯಲಿಲ್ಲ. ಮದುವೆಯಾದರೆ ಮುಯ್ಯಿ ಕೊಟ್ಟು, ಹುಡುಗ ಹುಡುಗಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ತಾಂಬೂಲ ಹಿಡಿದು ಹೊರಡುವುದು. ಇಲ್ಲಿ ಪಕ್ಕದಲ್ಲಿ ನಿಲ್ಲಲು ಯಾರೂ ಇರಲಿಲ್ಲ. ಒಬ್ಬರು ಸಂಕೋಚದಿಂದ ಮುಯ್ಯಿಯ ಕವರು ತೆಗೆದು, ಯಾತಕ್ಕೆಂದು ಕೊಡುವುದು ಎಂದು ಯೋಚಿಸಿ, ಮತ್ತೆ ಜೇಬಿಗೆ ಹಾಕಿಕೊಂಡರು. ಹಾಗಾಗಿ ಎಲ್ಲರೂ ಕೂತೇ ಇದ್ದರು. ಮಾತು ತಾನಾಗಿ ಹುಟ್ಟಿತು. ಹೊಗೆಸೊಪ್ಪಿನ ರೇಟು, ಮಂಡಿನೋವು, ಮಕ್ಕಳ ಪರೀಕ್ಷೆ. ನಜೀರ್ ಭಾಯಿ ಶಾಮಿಯಾನ ಬಿಚ್ಚಬೇಕೆಂದು ಬಂದವರು ತಾವೂ ಒಂದು ಕುರ್ಚಿ ಎಳೆದುಕೊಂಡು ಕೂತರು.

ಕೊನೆಯ ಬಸ್ಸಿನ ಹೊತ್ತಿಗೆ ಹೆಂಗಸರು ಏಳತೊಡಗಿದರು. ಚನ್ನಾಜಮ್ಮ ಅಂಗಳದ ಮಲ್ಲಿಗೆ ಕಟ್ಟಿ ತಟ್ಟೆಯಲ್ಲಿಟ್ಟುಕೊಂಡು ಬಂದರು. ಒಬ್ಬೊಬ್ಬರಿಗೂ ಒಂದು ತುಂಡು ಹೂವು. ಶಾರದಾ ಅವರ ಸರದಿ ಬಂದಾಗ ಆಕೆ ಅಭ್ಯಾಸದಂತೆ ಒಂದು ಹೆಜ್ಜೆ ಹಿಂದೆ ಸರಿದು, ಸೆರಗು ಎಳೆದುಕೊಂಡರು. ಸುತ್ತಲಿದ್ದವರು ತಿರುಗಿ ನೋಡಿದರು. ಹೇಳಬಾರದ್ದನ್ನು ಯಾರಾದರೂ ಹೇಳಿಬಿಡುತ್ತಾರೇನೋ ಎಂದು ನನಗೆ ಭಯವಾಯಿತು.

ಚನ್ನಾಜಮ್ಮ ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. “ತಕ್ಕೊ ಮಗ. ಕಾರ್ಯ ಆಗಿದ್ರೆ ಶಾಸ್ತ್ರ ಕೇಳ್ಬೇಕಿತ್ತು. ಇದು ಬೇಲೀಲಿ ಬಿಟ್ಟಿರೋ ಊವ, ಅಷ್ಟೆಯ,” ಎಂದರು.

ಶಾರದಾ ಹೂವನ್ನು ಅಂಗೈಯಲ್ಲಿ ಹಿಡಿದುಕೊಂಡು ಮೂಸಿದರು. ಆಮೇಲೆ ಯಾರ ಮುಖವನ್ನೂ ನೋಡದೆ ಬಸ್ಸಿನ ಕಡೆ ನಡೆದರು. ಬೀದಿಯ ತಿರುವಿನಲ್ಲಿ ಅವರ ಕೈ ತಲೆಯ ಹಿಂದಕ್ಕೆ ಹೋದದ್ದನ್ನು ನಾನೂ ನೋಡಿದೆ, ಚನ್ನಾಜಮ್ಮನೂ ನೋಡಿದರು. ಪಾತ್ರೆಗಳು ತುಂಬ ಇದ್ದವು, ತೊಳೆಯತೊಡಗಿದೆವು.

ಮುಂದಿನ ಭಾನುವಾರ ಮಧ್ಯಾಹ್ನ ಚನ್ನಾಜಮ್ಮನ ಫೋನು ಬಂತು.

“ಅದೇನ್ ಮಾಡಿದ್ದೀಯವ್ವ? ಇವತ್ತೂ ಜನ ಬಂದವ್ರೆ.”

ನಾನು ಗಾಬರಿಯಾಗಿ ಕಂಪ್ಯೂಟರ್ ತೆಗೆದೆ. ಹೋದ ವಾರದ ಸಾಲು ವೆಬ್‌ಸೈಟಿನ ಮೊದಲ ಪುಟದಲ್ಲಿ ಹಾಗೇ ಕೂತಿತ್ತು. ಕಾರಣ ಹುಡುಕಲು ಬಹಳ ಹೊತ್ತಾಗಲಿಲ್ಲ. ಮುಗಿದ ಕಾರ್ಯಗಳನ್ನು ದಿನಾ ಬೆಳಿಗ್ಗೆ ತೆಗೆದು ಒಳಗಿಡುವ ಕೆಲಸವನ್ನು ನಾನು ಒಂದು ಪ್ರೋಗ್ರಾಮಿಗೆ ಒಪ್ಪಿಸಿದ್ದೆ. ಅದು ಬಗೆಯ ಪ್ರಕಾರ ತೆಗೆಯುತ್ತದೆ. ಮುಗಿದ ಮದುವೆಗಳನ್ನು ಒಂದು ಕಡೆ, ಮುಗಿದ ನಾಮಕರಣಗಳನ್ನು ಒಂದು ಕಡೆ. ಚನ್ನಾಜಮ್ಮನ ಊಟಕ್ಕೆ ಬಗೆಯೇ ಇಲ್ಲ. ಇದು ಮದುವೆಯೇ ಎಂದು ಕೇಳಿದರೆ ಗೊತ್ತಿಲ್ಲ, ತಿಥಿಯೇ ಎಂದು ಕೇಳಿದರೆ ಗೊತ್ತಿಲ್ಲ. ಹಾಗಾಗಿ ಅದು ಯಾವ ಗುಂಪಿಗೂ ಸೇರದೆ, ಯಾವ ಗುಂಪಿನೊಂದಿಗೂ ಮುಗಿಯದೆ, ‘ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ’ ಎಂದು ಕರೆಯುತ್ತಲೇ ಇದೆ. ಮೇಲಿನ ತಾರೀಖು ಹಳೆಯದು, ಆದರೆ ನಮ್ಮ ಜನ ಓದಿದ್ದು ವಾರವನ್ನು.

ತಪ್ಪಾಯಿತಮ್ಮ, ಈಗಲೇ ಸರಿಮಾಡುತ್ತೇನೆ, ಒಂದು ಗಳಿಗೆ ಸಾಕು ಎಂದೆ. ಆ ಕಡೆಯಿಂದ ಯಾರೋ ನಗುತ್ತಿರುವುದು, ಪಾತ್ರೆಯ ಸದ್ದು, “ಶಾರದಾ, ಎಲೆ ಆ ಕಡೆ ಅವೆ ನೋಡು,” ಎನ್ನುವ ಚನ್ನಾಜಮ್ಮನ ದನಿ ಕೇಳಿಸಿತು.

“ಇರ್ಲಿ ಬುಡು,” ಎಂದರು ಮತ್ತೆ ನನ್ನ ಕಡೆ ತಿರುಗಿ. “ಎಸ್ರು ಮರಳ್ತಾ ಅದೆ, ಇಟ್ಟು ಆಕ್ಬೇಕು. ಫೋನ್ ಮಡುಗ್ತೀನಿ ಕಣವ್ವ.”

ಪ್ರೋಗ್ರಾಮಿನಲ್ಲಿ ಆ ದೋಷ ಇನ್ನೂ ಇದೆ. ನಿಮಗೆ ಯಾವತ್ತಾದರೂ ಭಾನುವಾರ ಬಿಡುವಾದರೆ, ಹುಣಸೂರಿನಿಂದ ಹನಗೋಡಿಗೆ ಬಸ್ಸಿದೆ.